ಕೋಚ್ ಹೋಗ್ತಾರಾ, ಉಳೀತಾರಾ? ಅಭಿಮಾನಿಗಳು ಕೇಳದ ಇನ್ನೊಂದು ಪ್ರಶ್ನೆ

ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆಂದರೆ ಕಾಸರಗೋಡಿನ ಕಡೆ ಚಾ ಅಂಗಡಿಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಭಾಗವತರು ಬರುವ ತಿರುಗಾಟಕ್ಕೆ ಇದೇ ಮೇಳದಲ್ಲಿ ಉಂಟಾ, ಬೇರೆ ಮೇಳಕ್ಕೆ ಹೋಗ್ತಾರಾ? ಡೇರೆ ಮೇಳಗಳ ಭರಾಟೆಯಿದ್ದ ಕಾಲದಲ್ಲಂತೂ ಹರಕೆ ಆಟದ ಮೇಳ ಬಿಟ್ಟು ಟಿಕೆಟಿನ ಆಟಕ್ಕೆ ಯಾರು ಹೋದರು, ಯಾಕೆ ಹೋದರು ಎಂಬುದು ಆಟಕ್ಕಿಂತಲೂ ದೊಡ್ಡ ಸುದ್ದಿ. ಸಂಬಳ ಹೆಚ್ಚು ಸಿಕ್ಕಿತು ಮಾರಾಯ್ರೆ ಎನ್ನುವವರು ಒಂದು ಕಡೆ, ಹೆಸರು ಕೊಟ್ಟ ಮೇಳವನ್ನು ಬಿಡಬಾರದಿತ್ತು ಎನ್ನುವವರು ಇನ್ನೊಂದು ಕಡೆ.

ಅಮೆರಿಕದಲ್ಲಿ ಇಂಥದೇ ಚರ್ಚೆ ಪ್ರತಿ ವರ್ಷ ನವೆಂಬರ್ ಕೊನೆಯಿಂದ ಜನವರಿಯವರೆಗೆ ನಡೆಯುತ್ತದೆ. ಅಲ್ಲಿ ಭಾಗವತರ ಜಾಗದಲ್ಲಿರುವವರು ಫುಟ್‌ಬಾಲ್ ಕೋಚ್‌ಗಳು. ಫುಟ್‌ಬಾಲ್ ಅಂದರೆ ನಮ್ಮ ತ್ರಿಕರಿಪುರದ ಗದ್ದೆಗಳಲ್ಲಿ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ತಲೆಗೆ ಹೆಲ್ಮೆಟ್ ಹಾಕಿ ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ತಂಡವನ್ನು ಗೆಲ್ಲಿಸಿದ ಕೋಚ್ ಅಲ್ಲೇ ಉಳಿಯುತ್ತಾರಾ, ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿಗೆ ಹಾರುತ್ತಾರಾ ಎಂದು ಲಕ್ಷಗಟ್ಟಲೆ ಜನ ಊಹಿಸುತ್ತಾರೆ. ಯಾವ ಊರಿನಿಂದ ಯಾವ ಊರಿಗೆ ಖಾಸಗಿ ವಿಮಾನ ಹೋಯಿತೆಂದು ಕಂಪ್ಯೂಟರ್ ಮುಂದೆ ಕೂತು ನೋಡುವವರೂ ಇದ್ದಾರೆ. ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ಓದುತ್ತಿದ್ದಾರೆ, ಕೆಲಸದಲ್ಲಿದ್ದಾರೆ. ಫೋನಿನಲ್ಲಿ ಅವರು ಹೇಳುವ ಈ ಗಲಾಟೆ ಏನು, ಅದರಲ್ಲಿ ನಮಗೂ ತಿಳಿಯಬೇಕಾದ್ದು ಏನಾದರೂ ಉಂಟಾ ಎಂದು ಸ್ವಲ್ಪ ಬಿಡಿಸಿ ನೋಡೋಣ.

ಎರಡು ಕೆಲಸ, ಎರಡು ರೀತಿ

ಅಲ್ಲಿ ಕಾಲೇಜು ತಂಡ ಅಂದರೆ ನಮ್ಮ ಅಂತರ್ ಕಾಲೇಜು ಪಂದ್ಯಾಟದ ತಂಡದ ಹಾಗಲ್ಲ. ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರಬಹುದು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸರಕಾರಿ ಸಂಬಳ ಪಡೆಯುವವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವುದು ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಕೋಚ್. ಹಾಗಾಗಿ ಬರೀ ದುಡ್ಡಿಗಾಗಿ ಲೀಗಿಗೆ ಹೋದರು ಎಂಬ ಮಾತು ಪೂರ್ತಿ ಸರಿಯಲ್ಲ. ದುಡ್ಡು ಎರಡೂ ಕಡೆ ಉಂಟು.

ನಿಜವಾದ ವ್ಯತ್ಯಾಸ ಆಟಗಾರರನ್ನು ಯಾರು ಆರಿಸುತ್ತಾರೆ ಎಂಬುದರಲ್ಲಿದೆ. ಕಾಲೇಜಿನಲ್ಲಿ ಕೋಚ್ ಹೆಚ್ಚು ಕಡಿಮೆ ರಾಜ. ಹೈಸ್ಕೂಲಿನಲ್ಲಿ ಆಡುವ 17-18 ವರ್ಷದ ಹುಡುಗರ ಮನೆಗೆ ಸ್ವತಃ ಹೋಗಿ, ಜಗಲಿಯಲ್ಲಿ ಕೂತು, ನಿಮ್ಮ ಮಗನನ್ನು ನನಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ ಎಂದು ತಾಯಿ ತಂದೆಯನ್ನು ಒಪ್ಪಿಸಬೇಕು. ಒಪ್ಪಿಸುವ ಕಲೆ ಗೊತ್ತಿದ್ದವನಿಗೆ ಎದುರಾಳಿಗಿಂತ ಒಳ್ಳೆಯ ಆಟಗಾರರು ವರ್ಷ ವರ್ಷವೂ ಸಿಗುತ್ತಾರೆ. 32 ತಂಡಗಳ ಎನ್‌ಎಫ್‌ಎಲ್‌ನಲ್ಲಿ ಹಾಗಿಲ್ಲ. ಅಲ್ಲಿ ಡ್ರಾಫ್ಟ್ ಪದ್ಧತಿ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ. ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ, 2024ರಲ್ಲಿ ಅದು 25.54 ಕೋಟಿ ಡಾಲರ್. ತಂಡದಲ್ಲಿ 53 ಜನ, ಎಲ್ಲರೂ ಸಂಬಳದ ವೃತ್ತಿಪರರು. ಕೋಚ್‌ನ ಮೇಲೆ ಜನರಲ್ ಮ್ಯಾನೇಜರ್, ಅವರ ಮೇಲೆ ಮಾಲೀಕ. ಬೈದರೆ ತಲೆ ತಗ್ಗಿಸುವ ಕಾಲೇಜು ಹುಡುಗ ಅಲ್ಲಿ ಇಲ್ಲ.

ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಕಾಲೇಜಿನ ದೊಡ್ಡ ದೊಡ್ಡ ಹೆಸರುಗಳು ಲೀಗಿನಲ್ಲಿ ಮುಗ್ಗರಿಸಿದ್ದು ಯಾಕೆಂದು ಅರ್ಥವಾಗುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ 1996ರ ರಾಷ್ಟ್ರೀಯ ಪಟ್ಟ ತಂದ ಸ್ಟೀವ್ ಸ್ಪರಿಯರ್ 2002ರಲ್ಲಿ 5 ವರ್ಷಕ್ಕೆ 2.5 ಕೋಟಿ ಡಾಲರಿಗೆ ವಾಷಿಂಗ್ಟನ್ ತಂಡಕ್ಕೆ ಹೋದರು. ಎರಡೇ ವರ್ಷದಲ್ಲಿ 12 ಗೆಲುವು, 20 ಸೋಲಿನೊಂದಿಗೆ ರಾಜೀನಾಮೆ ಕೊಟ್ಟರು. 2005ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೂಲಕ ಕಾಲೇಜಿಗೇ ಮರಳಿದರು. ಕಾಲೇಜಿನಲ್ಲಿ ಮೂರು ಪಟ್ಟ ಗೆದ್ದಿದ್ದ ಅರ್ಬನ್ ಮೇಯರ್ 2021ರಲ್ಲಿ ಜಾಕ್ಸನ್‌ವಿಲ್ ತಂಡಕ್ಕೆ ಬಂದು 13 ಪಂದ್ಯಗಳಲ್ಲಿ 2 ಮಾತ್ರ ಗೆದ್ದು, ಸೀಸನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. 2025ರ ಕೊನೆಯವರೆಗಿನ ಲೆಕ್ಕ ನೋಡಿದರೆ ಕಾಲೇಜಿನ ರಾಷ್ಟ್ರೀಯ ಪಟ್ಟ, ಲೀಗಿನ ಸೂಪರ್ ಬೌಲ್ ಎರಡನ್ನೂ ಮುಖ್ಯ ಕೋಚ್ ಆಗಿ ಗೆದ್ದವರು ಮೂವರೇ: ಜಿಮ್ಮಿ ಜಾನ್ಸನ್, ಬ್ಯಾರಿ ಸ್ವಿಟ್ಜರ್, ಪೀಟ್ ಕ್ಯಾರಲ್.

ಲೀಗಿನಿಂದ ಕಾಲೇಜಿಗೆ ಬಂದವರ ದಾರಿಯೂ ಸುಲಭವಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ 6 ಸೂಪರ್ ಬೌಲ್ ಗೆದ್ದುಕೊಟ್ಟ ಬಿಲ್ ಬೆಲಿಚಿಕ್ ತಮ್ಮ 72ನೇ ವಯಸ್ಸಿನಲ್ಲಿ, 2024ರ ಡಿಸೆಂಬರಿನಲ್ಲಿ, ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಆದರು. 5 ವರ್ಷಕ್ಕೆ 5 ಕೋಟಿ ಡಾಲರಿನ ಕರಾರು. 2025ರ ಮೊದಲ ಪಂದ್ಯದಲ್ಲೇ ತವರು ಮೈದಾನದಲ್ಲಿ 48-14ರ ಸೋಲು, ಸೀಸನ್ ಮುಗಿದಾಗ 4 ಗೆಲುವು, 8 ಸೋಲು.

ಹಾರ್ಬಾ ಅವರ ಮೂರು ಚಳಿಗಾಲ

ಈ ಹೋಗ್ತಾರಾ ಉಳೀತಾರಾ ಕಥೆಗೆ ಜಿಮ್ ಹಾರ್ಬಾ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. 1980ರ ದಶಕದಲ್ಲಿ ಮಿಷಿಗನ್‌ನಲ್ಲೇ ಓದಿ ಆಡಿದವರು. ಬಳಿಕ ಲೀಗಿನಲ್ಲಿ ಆಟಗಾರ, ಆಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೋಚ್. 2011ರಿಂದ 2014ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದಲ್ಲಿದ್ದರು. 2013ರ ಫೆಬ್ರವರಿಯ ಸೂಪರ್ ಬೌಲಿನಲ್ಲಿ ಸ್ವಂತ ಅಣ್ಣ ಜಾನ್ ಹಾರ್ಬಾ ಅವರ ಬಾಲ್ಟಿಮೋರ್ ತಂಡದ ಎದುರು 34-31ರಲ್ಲಿ ಸೋತರು. 2014ರ ಡಿಸೆಂಬರ್ ಕೊನೆಗೆ ಮಿಷಿಗನ್‌ಗೆ ಬಂದಾಗ ಊರಿಗೆ ಊರೇ ಹಬ್ಬ ಮಾಡಿತು. ಮನೆ ಮಗ ಮನೆಗೆ ಬಂದ, ಇನ್ನು ಎಲ್ಲಿಗೂ ಹೋಗೋದಿಲ್ಲ ಎಂಬ ನಂಬಿಕೆ.

ನಂಬಿಕೆ ಬೇಗ ಫಲ ಕೊಡಲಿಲ್ಲ. 2020ರಲ್ಲಿ ತಂಡ 6 ಪಂದ್ಯಗಳಲ್ಲಿ 2 ಮಾತ್ರ ಗೆದ್ದಾಗ ಅವರ ಮೂಲ ಸಂಬಳವನ್ನು ಸುಮಾರು ಅರ್ಧಕ್ಕೆ, 40 ಲಕ್ಷ ಡಾಲರಿಗೆ ಇಳಿಸಿ ಹೊಸ ಕರಾರು ಮಾಡಲಾಯಿತು. ಮರುವರ್ಷ, 2021ರಲ್ಲಿ, ಬದ್ಧ ಎದುರಾಳಿ ಒಹಾಯೊ ಸ್ಟೇಟ್ ತಂಡವನ್ನು 42-27ರಿಂದ ಮಣಿಸಿದರು. ಅಲ್ಲಿಂದ ಶುರುವಾಯಿತು ಗುಸುಗುಸು.

2022ರ ಫೆಬ್ರವರಿ 2ರಂದು ಹಾರ್ಬಾ ಮಿನೆಸೋಟಾ ವೈಕಿಂಗ್ಸ್ ತಂಡದ ಸಂದರ್ಶನಕ್ಕೆ ಹೋದರು. ತಾರೀಕು ನೋಡಿ. ಹೈಸ್ಕೂಲು ಹುಡುಗರು ಯಾವ ಕಾಲೇಜಿಗೆ ಸೇರುತ್ತೇವೆಂದು ಕಾಗದಕ್ಕೆ ಸಹಿ ಹಾಕುವ ದಿನ ಅದು. ಹುಡುಗರು ಸಹಿ ಹಾಕುವ ದಿನವೇ ಕೋಚ್ ಇನ್ನೊಂದು ಕೆಲಸದ ಬಾಗಿಲು ತಟ್ಟುತ್ತಿದ್ದರು. ಕೆಲಸ ಸಿಗಲಿಲ್ಲ, ವಾಪಸ್ ಬಂದರು. ಇನ್ನು ಇಂಥದ್ದು ಮರುಕಳಿಸುವುದಿಲ್ಲ ಎಂಬ ಭರವಸೆಯನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 2023ರ ಜನವರಿಯಲ್ಲಿ ಡೆನ್ವರ್ ಬ್ರಾಂಕೋಸ್ ಜತೆ ಮಾತುಕತೆಯ ಸುದ್ದಿ, ಕೊನೆಗೆ ಉಳಿಯುತ್ತೇನೆಂಬ ಘೋಷಣೆ. ಮೂರನೆಯ ಚಳಿಗಾಲ ಬಂತು. 2024ರ ಜನವರಿ 8ರಂದು ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34-13ರಿಂದ ಸೋಲಿಸಿ, 15ಕ್ಕೆ 15 ಪಂದ್ಯ ಗೆದ್ದು ಮಿಷಿಗನ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಸರಿಯಾಗಿ 16 ದಿನ ಕಳೆದು, ಜನವರಿ 24ರಂದು, ಹಾರ್ಬಾ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡದ ಕೋಚ್.

ಅಭಿಮಾನಿಗಳಲ್ಲಿ ಎರಡು ಪಂಗಡ. ಕೈತಪ್ಪಿದ ಸೂಪರ್ ಬೌಲ್ ಬೇಕೆಂದು ಹೋದರು, ಅದರಲ್ಲಿ ತಪ್ಪೇನು ಎಂದಿತು ಒಂದು. ತನಿಖೆ ಕುತ್ತಿಗೆಗೆ ಬಂದಿತ್ತು, ತಪ್ಪಿಸಿಕೊಂಡರು ಎಂದಿತು ಇನ್ನೊಂದು. ಮನಸ್ಸಿನೊಳಗೆ ಏನಿತ್ತೆಂದು ಹೊರಗಿನವರು ಹೇಳಲು ಆಗದು. ಆದರೆ ಮುಂದೆ ಆದದ್ದು ದಾಖಲೆಯಲ್ಲಿ ಉಂಟು. ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ನಿಯಮ ಉಲ್ಲಂಘನೆಗಾಗಿ 2024ರ ಆಗಸ್ಟಿನಲ್ಲಿ ಹಾರ್ಬಾ ಮೇಲೆ 4 ವರ್ಷದ, ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಇನ್ನೂ 10 ವರ್ಷದ ನಿರ್ಬಂಧ ಹಾಕಿತು. ಆ ನಿರ್ಬಂಧ ಕಾಲೇಜುಗಳಿಗೆ ಮಾತ್ರ. ಲೀಗಿನಲ್ಲಿರುವವರಿಗೆ ಅದು ತಾಗುವುದಿಲ್ಲ. ಕೋಟಿಗಟ್ಟಲೆ ಡಾಲರ್ ದಂಡ ಬಿದ್ದದ್ದು ವಿಶ್ವವಿದ್ಯಾಲಯದ ತಲೆಗೆ.

ಇದು ಒಬ್ಬರ ಕಥೆ ಮಾತ್ರ ಅಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಶಿಖರಕ್ಕೇರಿಸಿದ್ದ ಪೀಟ್ ಕ್ಯಾರಲ್ 2010ರ ಜನವರಿಯಲ್ಲಿ ಸಿಯಾಟಲ್ ತಂಡಕ್ಕೆ ಹೋದರು. ಅವರ ಜಾಗ ತುಂಬಲು ಟೆನೆಸಿ ವಿಶ್ವವಿದ್ಯಾಲಯದಲ್ಲಿ ಒಂದೇ ಸೀಸನ್ ಕಳೆದಿದ್ದ ಲೇನ್ ಕಿಫಿನ್ ಬಂದರು. ಅಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಟೆನೆಸಿ ತನ್ನ ಹೊಸ ಕೋಚ್‌ನನ್ನು ಲೂಸಿಯಾನಾ ಟೆಕ್‌ನಿಂದ ಎಬ್ಬಿಸಿಕೊಂಡು ಬಂತು. ಒಬ್ಬ ಎದ್ದದ್ದಕ್ಕೆ ಮೂರು ಕಾಲೇಜುಗಳ ಹುಡುಗರು ಕೋಚ್ ಇಲ್ಲದವರಾದರು. ಅದೇ ವರ್ಷದ ಜೂನಿನಲ್ಲಿ ಹಳೆಯ ಪ್ರಕರಣವೊಂದಕ್ಕಾಗಿ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಎರಡು ವರ್ಷ ಸೀಸನ್ ನಂತರದ ಪಂದ್ಯಗಳಿಗೆ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ. ಆ ವಿಷಯ ತನಗೆ ಗೊತ್ತೇ ಇರಲಿಲ್ಲ ಎಂದರು ಕ್ಯಾರಲ್. ಇರಬಹುದು. ಶಿಕ್ಷೆ ಅನುಭವಿಸಿದವರಂತೂ ಉಳಿದ ಹುಡುಗರು.

ಬಾಯಿಮಾತು ಬೇರೆ, ಕರಾರು ಬೇರೆ

ಊಹೆ ಮಾಡುವವರು ಕೋಚ್ ಪತ್ರಿಕಾಗೋಷ್ಠಿಯಲ್ಲಿ ಏನೆಂದರು ಎಂಬುದನ್ನೇ ಹಿಡಿದು ಜಗ್ಗುತ್ತಾರೆ. ಅದು ಎಷ್ಟು ದುರ್ಬಲ ಸಾಕ್ಷಿ ಎಂಬುದಕ್ಕೆ ನಿಕ್ ಸೇಬನ್ ಪ್ರಕರಣ ಸಾಕು. ಲೂಸಿಯಾನಾ ಸ್ಟೇಟ್ ತಂಡಕ್ಕೆ 2003ರ ಪಟ್ಟ ತಂದು ಆಮೇಲೆ ಮಯಾಮಿ ಡಾಲ್ಫಿನ್ಸ್‌ಗೆ ಹೋಗಿದ್ದ ಅವರು 2006ರ ಡಿಸೆಂಬರ್ 21ರಂದು, ನಾನು ಅಲಬಾಮಾದ ಕೋಚ್ ಆಗುವುದಿಲ್ಲ ಎಂದು ನೇರವಾಗಿ ಹೇಳಿದರು. ಎರಡು ವಾರ ಕಳೆಯುವ ಮೊದಲು, 2007ರ ಜನವರಿ 3ರಂದು, 8 ವರ್ಷಕ್ಕೆ 3.2 ಕೋಟಿ ಡಾಲರಿನ ಕರಾರಿಗೆ ಒಪ್ಪಿ ಅಲಬಾಮಾಕ್ಕೇ ಬಂದಿಳಿದರು. ಟಸ್ಕಲೂಸಾ ವಿಮಾನ ನಿಲ್ದಾಣದಲ್ಲಿ ಅಭಿಮಾನಿಗಳು ಮುತ್ತಿಕೊಂಡರು. ಮಯಾಮಿಯಲ್ಲಿ ಮಾತಿಗೆ ತಪ್ಪಿದವರು, ಅಲಬಾಮಾದಲ್ಲಿ ದೇವರು! ಅಲ್ಲಿ 6 ರಾಷ್ಟ್ರೀಯ ಪಟ್ಟ ಗೆದ್ದು 2024ರ ಜನವರಿಯಲ್ಲಿ ನಿವೃತ್ತರಾದರು.

ಬಾಬಿ ಪೆಟ್ರಿನೊ ಅವರದ್ದು ಇನ್ನೂ ವಿಚಿತ್ರ. 2007ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಸೇರಿ 13 ಪಂದ್ಯ ಮುಗಿಯುವಾಗಲೇ ಡಿಸೆಂಬರ್ 11ರಂದು ಬಿಟ್ಟು, ಅದೇ ರಾತ್ರಿ ಆರ್ಕನ್ಸಾ ವಿಶ್ವವಿದ್ಯಾಲಯದ ಕೋಚ್ ಆಗಿ ಕಾಣಿಸಿಕೊಂಡರು. ಅಟ್ಲಾಂಟಾದ ಆಟಗಾರರಿಗೆ ಸಿಕ್ಕಿದ್ದು ನಾಲ್ಕು ವಾಕ್ಯದ ಒಂದು ಚೀಟಿ.

ಹಾಗೆಂದು ಎಲ್ಲ ಊಹೆಯೂ ನಿಜವಾಗುತ್ತದೆಂದಲ್ಲ. ಜಾನ್ ಗ್ರೂಡನ್ ಹಿಂದೆ ಟೆನೆಸಿಯಲ್ಲಿ ಸಹಾಯಕರಾಗಿದ್ದರು, ಅವರ ಹೆಂಡತಿಯೂ ಅದೇ ವಿಶ್ವವಿದ್ಯಾಲಯದವರು. ಅಷ್ಟು ಸಾಕಾಯಿತು. 2012ರಲ್ಲಿ, 2017ರಲ್ಲಿ, ಕುರ್ಚಿ ಖಾಲಿಯಾದಾಗಲೆಲ್ಲ ಗ್ರೂಡನ್ ಬರ್ತಾರಂತೆ ಎಂಬ ಸುದ್ದಿ. ಅವರು ಬರಲೇ ಇಲ್ಲ. 2018ರ ಜನವರಿಯಲ್ಲಿ ಹೋದದ್ದು ಲೀಗಿನ ರೈಡರ್ಸ್ ತಂಡಕ್ಕೆ, 10 ವರ್ಷದ ಕರಾರಿಗೆ.

ಹಾಗಾದರೆ ನಂಬಬಹುದಾದ್ದು ಏನು? ಕರಾರಿನ ಕಾಗದ. ಬೆಲಿಚಿಕ್ ಅವರ ಕರಾರನ್ನೇ ನೋಡಿ. 2025ರ ಜೂನ್ 1ರ ಮೊದಲು ಬಿಟ್ಟರೆ ಅವರು 1 ಕೋಟಿ ಡಾಲರ್ ಕೊಡಬೇಕು, ಆ ತಾರೀಕಿನ ನಂತರ ಬಿಟ್ಟರೆ 10 ಲಕ್ಷ ಸಾಕು. ವರ್ಷಕ್ಕೆ 1 ಕೋಟಿ ಡಾಲರ್ ಪಡೆಯುವವರಿಗೆ 10 ಲಕ್ಷ ಅಂದರೆ ಬೇಲಿಯಲ್ಲ, ದಾಟಲಿಕ್ಕೆ ಇಟ್ಟ ತಡಮೆ. ಭಾಷಣದಲ್ಲಿ ಈ ಕಾಲೇಜು ನನ್ನ ಮನೆ ಎನ್ನುವವರ ಕರಾರಿನಲ್ಲಿ ಬಾಗಿಲು ಎಷ್ಟು ಅಗಲ ಇಟ್ಟಿದ್ದಾರೆಂದು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಹುಡುಗರ ಗತಿ ಏನು?

ನಮ್ಮ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಕೋಚ್ ಹೋದರೆ ಇನ್ನೊಂದು ಕೋಟಿಯ ಕೆಲಸ. ಅಭಿಮಾನಿಗೆ ನಾಲ್ಕು ದಿನದ ಬೇಸರ. ಅವರ ಮಾತು ನಂಬಿ ಸಾವಿರ ಮೈಲು ದೂರದಿಂದ ಬಂದ ಹುಡುಗನಿಗೆ?

1964ರಿಂದ 2024ರವರೆಗೆ ಅಮೆರಿಕದ ಹುಡುಗರು ಸಹಿ ಹಾಕುತ್ತಿದ್ದ ಒಪ್ಪಿಗೆ ಪತ್ರದಲ್ಲಿ ಒಂದು ಷರತ್ತು ಇತ್ತು: ನೀನು ಸಹಿ ಹಾಕುವುದು ವಿದ್ಯಾಸಂಸ್ಥೆಗೆ, ಕೋಚ್‌ಗಲ್ಲ. ಕೋಚ್ ಬಿಟ್ಟುಹೋದರೂ ನೀನು ಬದ್ಧ. ಮನೆ ಜಗಲಿಯಲ್ಲಿ ಮಾತು ಕೊಟ್ಟದ್ದು ಕೋಚ್, ಕಾಗದದಲ್ಲಿ ಕಟ್ಟಿಹಾಕಿದ್ದು ಕಾಲೇಜು. ಕೋಚ್ ಬೆಳಗ್ಗೆ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಇರಬಹುದು. ಫುಟ್‌ಬಾಲ್ ಹುಡುಗ ಅದೇ ಮಟ್ಟದ ಬೇರೆ ಕಾಲೇಜಿಗೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕು. 20 ವರ್ಷದ ಆಟಗಾರನಿಗೆ ಒಂದು ವರ್ಷ ಅಂದರೆ ಎಷ್ಟೆಂದು ಆಡಿದವರಿಗೇ ಗೊತ್ತು.

ಈ ಅನ್ಯಾಯ ಈಚೆಗೆ ಸ್ವಲ್ಪ ಸಡಿಲವಾಗಿದೆ. 2021ರ ಏಪ್ರಿಲಿನಲ್ಲಿ ಒಂದು ಬಾರಿ, 2024ರ ಏಪ್ರಿಲಿನಿಂದ ಓದಿನ ಷರತ್ತು ಪೂರೈಸಿದರೆ ಎಷ್ಟು ಬಾರಿ ಬೇಕಾದರೂ, ವರ್ಷ ಕಳೆದುಕೊಳ್ಳದೆ ಕಾಲೇಜು ಬದಲಿಸಬಹುದು ಎಂದಾಯಿತು. 2021ರ ಜುಲೈ 1ರಿಂದ ತಮ್ಮ ಹೆಸರು, ಚಿತ್ರ ಬಳಸುವ ಜಾಹೀರಾತಿನ ದುಡ್ಡನ್ನು ಹುಡುಗರು ಪಡೆಯಬಹುದು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದು ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳಿಗೆ ಮೊದಲ ವರ್ಷ ಒಟ್ಟು 2.05 ಕೋಟಿ ಡಾಲರಿನವರೆಗೆ ನೇರವಾಗಿ ಕೊಡಬಹುದು. ಸೇಬನ್ ನಿವೃತ್ತರಾದ ಕೂಡಲೇ ಅಲಬಾಮಾದ ಹಲವು ಆಟಗಾರರು ಬೇರೆ ದಾರಿ ಹಿಡಿದದ್ದು ಈ ಹೊಸ ನಿಯಮದಿಂದಲೇ.

ಇದನ್ನು ಕಂಡು ಹಳೆಯ ಅಭಿಮಾನಿಗಳು ಹುಡುಗರಿಗೆ ನಿಷ್ಠೆಯೇ ಇಲ್ಲ, ದುಡ್ಡಿನ ಹಿಂದೆ ಓಡ್ತಾರೆ ಎಂದು ಗೊಣಗುತ್ತಾರೆ. ಕೋಚ್ ಹೋದಾಗ ಅದು ಮಹತ್ವಾಕಾಂಕ್ಷೆ, ಹುಡುಗ ಹೋದರೆ ದ್ರೋಹ! ಇದು ಯಾವ ನ್ಯಾಯ? ಆದರೆ ಒಂದು ಮಾತು ಉಂಟು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಆಚೆ ಕಡೆ ಮನೆ ಇದೆ ಎಂದಲ್ಲ. ಹೆಸರು ಮಾಡಿದವನಿಗೆ ಹತ್ತು ಕಾಲೇಜು ಕಾಯುತ್ತವೆ. ಬೆಂಚಿನಲ್ಲಿ ಕೂತವನಿಗೆ ಹಳೆಯ ಕೋಚ್ ಇಲ್ಲ, ಹೊಸ ಕೋಚ್‌ಗೆ ಅವನ ಹೆಸರು ಗೊತ್ತಿಲ್ಲ.

ನಮ್ಮ ಕಡೆಗೆ ಇದರಲ್ಲಿ ಏನುಂಟು?

ನಮ್ಮಲ್ಲಿ ಕಾಲೇಜು ಕೋಚ್‌ಗೆ ಕೋಟಿ ಸಂಬಳ ಇಲ್ಲ, ಸ್ಟೇಡಿಯಂ ತುಂಬ ಜನವೂ ಇಲ್ಲ. ಆದರೆ ಎರಡು ದೋಣಿಯ ಪ್ರಶ್ನೆ ಇಲ್ಲೂ ಇತ್ತು. 2024ರಲ್ಲಿ ತೀರಿಕೊಂಡ ಟಿ.ಕೆ. ಚಾತುಣ್ಣಿ ಕೇರಳ ಪೊಲೀಸ್ ತಂಡಕ್ಕೆ 1990ರ ಫೆಡರೇಶನ್ ಕಪ್ ಗೆದ್ದುಕೊಟ್ಟ ಕೋಚ್, ಮುಂದೆ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ಬನ್ನು 1997-98ರ ರಾಷ್ಟ್ರೀಯ ಲೀಗ್ ಚಾಂಪಿಯನ್ ಮಾಡಿದವರು. ಇಲಾಖೆಯ ತಂಡವೋ, ದೂರದ ಕ್ಲಬ್ಬೋ ಎಂಬ ಆಯ್ಕೆ ಕೇರಳದ ಕೋಚ್‌ಗಳಿಗೂ ಆಟಗಾರರಿಗೂ ಹೊಸತಲ್ಲ. 2016ರ ಐಎಸ್‌ಎಲ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮೊಹಮ್ಮದ್ ರಾಫಿ ನಮ್ಮ ಜಿಲ್ಲೆಯ ತ್ರಿಕರಿಪುರದವರು. ಅದನ್ನು ಟಿವಿಯಲ್ಲಿ ಕಂಡ ಹುಡುಗರು ಈ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

ಅಂಥ ಹುಡುಗನ ಮನೆಗೆ ಒಂದು ದಿನ ಕೋಚ್ ಒಬ್ಬರು ಬರುತ್ತಾರೆ. ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಕೊಡಿಸ್ತೇನೆ, ಹಾಸ್ಟೆಲ್ ಉಂಟು, ನಾನು ಇದ್ದೇನಲ್ಲ ಎನ್ನುತ್ತಾರೆ. ಹೇಳುವಾಗ ಅವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಹಾರ್ಬಾ ಕೂಡ ಮಾತು ಕೊಟ್ಟ ದಿನ ಸುಳ್ಳು ಹೇಳಿದರೆಂದು ಯಾರೂ ಸಾಬೀತು ಮಾಡಿಲ್ಲ. ಆದರೆ ನಾಳೆ ಅವರಿಗೆ ಬೇರೆ ಕ್ಲಬ್ಬಿನಿಂದ ಕರೆ ಬರಬಹುದು, ವರ್ಗವಾಗಬಹುದು, ಕರಾರು ಮುಗಿಯಬಹುದು. ಅಪ್ಪ ಅಮ್ಮ ಆಗ ಕೇಳಬೇಕಾದ್ದು ಇಷ್ಟೆ: ನೀವು ಇಲ್ಲದಿದ್ದರೂ ನನ್ನ ಮಗನಿಗೆ ಸೀಟು ಉಂಟಾ? ಫೀಸಿನ ರಿಯಾಯಿತಿ ಕಾಗದದಲ್ಲಿ ಉಂಟಾ? ಕಾಲು ಮುರಿದರೆ ಓದು ಮುಂದುವರಿಯುತ್ತಾ? ಬಿಟ್ಟು ಬರಬೇಕಾದರೆ ಟಿ.ಸಿ. ಕೊಡ್ತಾರಾ, ಇಲ್ಲ ಸತಾಯಿಸ್ತಾರಾ? ಕನ್ನಡ ಮಾಧ್ಯಮದಲ್ಲಿ ಓದಿದ ಗಡಿನಾಡಿನ ಮಗುವಾದರೆ ಇನ್ನೂ ಒಂದು: ಅಲ್ಲಿ ಪಾಠದ ಭಾಷೆ ಯಾವುದು, ಆಟದ ನಡುವೆ ತಪ್ಪಿದ ಪಾಠವನ್ನು ಹೇಳಿಕೊಡುವವರು ಯಾರು?

ಹೀಗೆ ಕೇಳಿದರೆ ಕೋಚ್‌ಗೆ ಅವಮಾನವಾಗುವುದಿಲ್ಲ. ಒಳ್ಳೆಯ ಕೋಚ್ ಆದರೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ, ಗೊತ್ತಿಲ್ಲದಿದ್ದರೆ ಕಾಲೇಜಿನಲ್ಲಿ ವಿಚಾರಿಸಿ ಬಂದು ಹೇಳುತ್ತಾರೆ. ಅವರು ಮೇಲಿನ ಕೆಲಸಕ್ಕೆ ಹೋದರೆ ಹೋಗಲಿ, ಸಂತೋಷವೇ. ದುಡಿಮೆಯಲ್ಲಿ ಮುಂದೆ ಬರಬೇಕೆಂದು ಯಾರಿಗಿಲ್ಲ? ಹೋಗುವ ಮೊದಲು ಹುಡುಗರ ಸೀಟು, ಹಾಸ್ಟೆಲ್, ಓದು ಗಟ್ಟಿಯಾಗಿದೆಯಾ ಎಂದು ಒಮ್ಮೆ ನೋಡಿ ಹೋಗಬೇಕು, ಅಷ್ಟೆ. ಹಾಗೆ ನೋಡಿ ಹೋದವರನ್ನು ಯಾವ ಊರೂ ಬೈದುಕೊಳ್ಳುವುದಿಲ್ಲ.